ಸತ್ತ ಮನೆಗೆ ಫೋನ್ ಮಾಡುವುದು

ಉದ್ಯಮಕ್ಕೆ ಇಳಿಯುವವರಿಗೆ ಧೈರ್ಯ ಎಷ್ಟು ಮುಖ್ಯ ಎಂದು ಮಾತನಾಡಲು ನನ್ನನ್ನು ಕಾಲೇಜುಗಳಿಗೆ ಕರೆಯುತ್ತಾರೆ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ‘ದಿಟ್ಟ ಮಹಿಳೆ’ ಎಂದು ಪರಿಚಯಿಸುತ್ತಾರೆ. ನಾನು ತಲೆ ತಗ್ಗಿಸಿ ನಗುತ್ತೇನೆ. ನಿಜ ಹೇಳಬೇಕೆಂದರೆ ನನ್ನಷ್ಟು ಅಂಜುಬುರುಕಿ ಗದಗ-ಬೆಟಗೇರಿಯಲ್ಲಿ ಇನ್ನೊಬ್ಬಳು ಸಿಗುವುದು ಕಷ್ಟ. ಕುಕ್ಕರ್ ಸೀಟಿ ಹೊಡೆಯುವ ಹೊತ್ತಿಗೆ ಈಗಲೂ ಅಡುಗೆಮನೆಯಿಂದ ಹೊರಗೆ ಬಂದು ನಿಲ್ಲುತ್ತೇನೆ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಅದು ತಾನಾಗಿ ನಿಲ್ಲುವವರೆಗೆ ಫೋನನ್ನೇ ನೋಡುತ್ತ ಕೂರುತ್ತೇನೆ. ಇಂಥವಳು ಊರೂರಿಗೆ ಸುದ್ದಿ ಮುಟ್ಟಿಸುವ ಆ್ಯಪ್ ಕಟ್ಟಿದ್ದು ಹೇಗೆ ಎಂದರೆ, ಕೆಲಸ ಕಳೆದುಕೊಂಡ ಅಂಜಿಕೆ ಉಳಿದ ಅಂಜಿಕೆಗಳಿಗಿಂತ ದೊಡ್ಡದಾಗಿತ್ತು, ಅಷ್ಟೇ.

ಮೊದಲು ನಾನು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ. ಪಕ್ಕದ ಕುರ್ಚಿಯಲ್ಲಿ ನನ್ನ ಗೆಳತಿ ಕೂರುತ್ತಿದ್ದಳು. ಅವಳು ಗಣಪತಿ ಚಿತ್ರ, ಹೂಬಳ್ಳಿ, ಅಂಚು ಎಲ್ಲ ಕೂರಿಸುವವಳು. ನಾನು ಅಕ್ಷರ ಹೊಡೆಯುವವಳು. ಜನ ಪತ್ರಿಕೆ ಹಂಚುವುದನ್ನು ಬಿಟ್ಟು ಫೋನಿನಲ್ಲೇ ಕಳಿಸತೊಡಗಿದ ಮೇಲೆ ಪ್ರೆಸ್ಸು ಬಾಗಿಲು ಹಾಕಿತು. ಗೆಳತಿ ಬೆಟಗೇರಿಯ ಒಂದು ಫ್ಲೆಕ್ಸ್ ಅಂಗಡಿಗೆ ಡಿಸೈನ್ ಮಾಡಲು ಹೋದಳು. ನಾನು, ಕಂಪ್ಯೂಟರ್ ಕಲಿತ ನನ್ನ ತಮ್ಮನನ್ನು ಕಾಡಿಬೇಡಿ, ಈ ಆ್ಯಪ್ ಶುರು ಮಾಡಿದೆ. ನೇಕಾರರ ಓಣಿಯಲ್ಲಿ ಮಗ್ಗದ ಮನೆಯೊಂದರ ಮೇಲಿನ ಕೋಣೆ ನಮ್ಮ ಆಫೀಸು. ದಿನವಿಡೀ ಕೆಳಗೆ ಮಗ್ಗ ಬಡಿಯುತ್ತಿರುತ್ತದೆ, ಮೇಲೆ ನಮ್ಮ ಟೇಬಲ್ಲು ನಡುಗುತ್ತಿರುತ್ತದೆ.

ಕೆಲಸ ಸರಳ. ಪ್ರತಿ ಊರಿಗೆ, ಪೇಟೆಯಾದರೆ ಪ್ರತಿ ಓಣಿಗೆ, ನಮ್ಮ ಪರವಾಗಿ ಒಬ್ಬರು ಸುದ್ದಿ ಕಳಿಸುತ್ತಾರೆ. ನಳದ ನೀರು ಯಾವಾಗ ಬರುತ್ತದೆ, ಉಳ್ಳಾಗಡ್ಡಿ ರೇಟು ಏನಾಯಿತು, ಮುಂಡರಗಿಯ ಬಸ್ಸು ಯಾಕೆ ಬಂದಿಲ್ಲ, ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಸಾವು. ಅದೇ ಊರಿನ ಇನ್ನಿಬ್ಬರು ‘ಹೌದು’ ಎಂದು ಒತ್ತಿದ ಮೇಲಷ್ಟೇ ಸುದ್ದಿ ಎಲ್ಲರ ಫೋನಿಗೆ ಹೋಗಬೇಕು. ಆ ನಿಯಮ ನನ್ನದು. ಅಂಜುವವರು ನಿಯಮ ಮಾಡುವುದರಲ್ಲಿ ಗಟ್ಟಿ.

ಒಂದಕ್ಕೆ ಮಾತ್ರ ಆ ತಡೆ ಉಳಿಸಿರಲಿಲ್ಲ. ಮಣ್ಣಿನ ಸುದ್ದಿಗೆ, ಎಂದರೆ ಸಾವಿನ ಸುದ್ದಿಗೆ.

ನಮ್ಮ ಕಡೆ ಬೆಳಿಗ್ಗೆ ಜೀವ ಹೋದರೆ ಸಂಜೆಯೊಳಗೆ ಮಣ್ಣು ಮಾಡಿಬಿಡುತ್ತಾರೆ. ಸುದ್ದಿ ತಡವಾದರೆ ಮುಖ ನೋಡಲು ಸಿಗುವುದಿಲ್ಲ. ಶುರುವಿನಲ್ಲಿ ಸಾವಿಗೂ ಇಬ್ಬರ ‘ಹೌದು’ ಬೇಕಿತ್ತು. ಮುಳಗುಂದದಲ್ಲಿ ಒಬ್ಬರು ತೀರಿಕೊಂಡಾಗ ‘ಹೌದು’ ಅನ್ನಬೇಕಾದವರು ಹೊಲದಲ್ಲಿದ್ದರು, ನೆಟ್‌ವರ್ಕ್ ಇರಲಿಲ್ಲ. ಸತ್ತವರ ತಂಗಿ ಕುರ್ತಕೋಟಿಯಿಂದ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮರುದಿನ ಆಕೆ ಬಂದು ನಮ್ಮ ಮೆಟ್ಟಿಲ ಮೇಲೆ ಕುಳಿತರು. ಬೈಯಲಿಲ್ಲ, ಅಳಲೂ ಇಲ್ಲ, ಸುಮ್ಮನೆ ಕುಳಿತಿದ್ದರು. ಅವರು ಎದ್ದು ಹೋದ ಮೇಲೆ ತಮ್ಮನಿಗೆ ಹೇಳಿ ಆ ನಿಯಮ ತೆಗೆಸಿದೆ.

ಮತ್ತೆ, ಸಾವಿನ ಸುದ್ದಿಯನ್ನು ಯಾರು ಸುಳ್ಳು ಹೇಳುತ್ತಾರೆ? ಅದನ್ನು ಪರೀಕ್ಷೆ ಮಾಡುವ ಪದ್ಧತಿಯೂ ನಮ್ಮಲ್ಲಿಲ್ಲ. ಸತ್ತ ಮನೆಗೆ ಫೋನ್ ಮಾಡಿ ‘ಖರೇ ಏನ್ರಿ?’ ಎಂದು ಕೇಳುವಷ್ಟು ನಾಚಿಕೆಗೆಟ್ಟವರು ಯಾರೂ ಇಲ್ಲ. ಕಿವಿಗೆ ಬಿದ್ದ ಕೂಡಲೇ ಮಾಲೆ ಕಟ್ಟಿಸಿಕೊಂಡು ಹೊರಡುವುದೇ ರೂಢಿ.

ಆ್ಯಪ್ ಊರೂರಿಗೆ ಹಬ್ಬಿದಂತೆ ರಾಜಕೀಯದವರು ಮೆಟ್ಟಿಲು ಹತ್ತತೊಡಗಿದರು. ನಮ್ಮ ಸಭೆಯ ಸುದ್ದಿ ಮೇಲಿರಲಿ, ಅವರದು ಕೆಳಗಿರಲಿ. ನಾನು ಯಾರಿಗೂ ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎನ್ನಲೂ ಅಂಜಿಕೆ. ಎಲ್ಲರಿಗೂ ಚಹಾ ತರಿಸಿ, ‘ನೋಡ್ತೀವ್ರಿ’ ಎಂದು ಕಳಿಸುತ್ತಿದ್ದೆ. ಎರಡೂ ಪಕ್ಷದವರು ಹೊದಿಸಿದ ಶಾಲುಗಳು ನನ್ನ ಕಪಾಟಿನಲ್ಲಿ ಒಂದರ ಮೇಲೊಂದು ಮಲಗಿವೆ. ಶಾಲಿನಿಂದ ಏನೂ ಆಗುವುದಿಲ್ಲ, ಫೋಟೋದಿಂದ ಆಗುತ್ತದೆ ಎಂಬುದು ಆಗ ಗೊತ್ತಿರಲಿಲ್ಲ.

ಚುನಾವಣೆ ಹತ್ತಿರ ಬಂದಿತ್ತು. ಶಿರಹಟ್ಟಿ ಕಡೆಯ ಹಿರಿಯ ಮುಖಂಡರೊಬ್ಬರು, ಎಲ್ಲರೂ ‘ಸಾಹೇಬ್ರು’ ಎಂದೇ ಕರೆಯುವವರು, ಎದೆನೋವೆಂದು ಹುಬ್ಬಳ್ಳಿಯ ದವಾಖಾನೆ ಸೇರಿದ್ದರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬನೇ ಮಗ; ಈಗ ಮನೆ-ರಾಜಕೀಯ ಎರಡನ್ನೂ ಆ ಮಗನೇ ನೋಡಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ನಾನು ಆಫೀಸಿನ ಕಸ ಗುಡಿಸುತ್ತಿದ್ದಾಗ ಫೋನು ಗುಂಯ್‌ಗುಡತೊಡಗಿತು. ನಮ್ಮದೇ ಆ್ಯಪಿನಲ್ಲಿ ಸುದ್ದಿ. ‘ಸಾಹೇಬರು ಇನ್ನಿಲ್ಲ. ಮಣ್ಣಿನ ಸಮಯ ನಂತರ ತಿಳಿಸಲಾಗುವುದು.’ ಜೊತೆಗೆ ಒಂದು ಬ್ಯಾನರಿನ ಚಿತ್ರ: ರುಮಾಲು ಸುತ್ತಿದ ಸಾಹೇಬರ ಮುಖ, ಸುತ್ತ ಹೂವು, ‘ಭಾವಪೂರ್ಣ ಶ್ರದ್ಧಾಂಜಲಿ’. ತಾರೀಖಿನ ಜಾಗ ಖಾಲಿ. ಕೆಳಗೆ ಅನುಯಾಯಿಗಳ ಫೋಟೋ ಕೂರಿಸುವ ಸಾಲೂ ಖಾಲಿ.

ಕಳಿಸಿದವರ ಹೆಸರು ನಮಗಷ್ಟೇ ಕಾಣುತ್ತದೆ. ಕಳಿಸಿದವಳು ನನ್ನ ಗೆಳತಿ. ಅವಳ ಓಣಿಯ ಸುದ್ದಿ ಕಳಿಸುವವಳೂ ಅವಳೇ.

ನೋಡಿದವರ ಸಂಖ್ಯೆ ಏರುತ್ತಿತ್ತು. ನಮ್ಮ ಯಾವ ಸುದ್ದಿಗೂ ಅಷ್ಟು ಜನ ಬಂದಿರಲಿಲ್ಲ. ಸತ್ತವರ ಬಗ್ಗೆ ಮರುಕ ಪಡುವ ಮೊದಲು ನನಗೆ ಖುಷಿಯಾಯಿತು. ಈ ಧಂದೆ ಮನುಷ್ಯರನ್ನು ಏನು ಮಾಡುತ್ತದೆ ಎಂದು ಕೇಳುವವರಿಗೆ ನಾನು ಇದನ್ನೇ ಹೇಳುವುದು. ಶಿರಹಟ್ಟಿಯಲ್ಲಿ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಲಕ್ಷ್ಮೇಶ್ವರದಿಂದ, ಮುಂಡರಗಿಯಿಂದ ಜೀಪು, ಟ್ರ್ಯಾಕ್ಟರು ಹೊರಟವು. ಗದಗಿನ ಹೂವಿನ ಪೇಟೆಯಲ್ಲಿ ಮಾಲೆ ಸಿಗುತ್ತಿಲ್ಲವಂತೆ ಎಂದು ಯಾರೋ ಬರೆದರು. ಬದುಕಿರುವವರೆಗೆ ಸಾಹೇಬರನ್ನು ಬೈದು ಬರೆಯುತ್ತಿದ್ದವರೆಲ್ಲ ಕೈಮುಗಿದ ಚಿತ್ರ ಹಾಕಿ, ‘ತಂದೆಯಂತಿದ್ದರು’ ಎಂದು ಸ್ಟೇಟಸ್ ಇಟ್ಟರು.

ಆಮೇಲೆ ಹುಬ್ಬಳ್ಳಿಯಿಂದ ಒಂದು ಸಾಲು ಬಂತು. ‘ಸಾಹೇಬ್ರು ಇಡ್ಲಿ ತಿನ್ನಾಕತ್ಯಾರ. ಯಾವ ಮಗಾ ಇದನ್ನ ಹಾಕಿದಾಂವ?’

ಕೈಯಲ್ಲಿದ್ದ ಕಸಬರಿಗೆ ಹಾಗೇ ಬಿತ್ತು.  ತಮ್ಮ ಅಂದು ಮುಂಡರಗಿಗೆ ಹೋಗಿದ್ದ. ಅವನಿಗೆ ಫೋನ್ ಮಾಡಿ ಸುದ್ದಿ ತೆಗೆಸಿದೆ. ತೆಗೆಸಿ ಏನು ಬಂತು? ಚಿತ್ರ ಆಗಲೇ ಸಾವಿರ ಕೈ ದಾಟಿತ್ತು. ಕ್ಷಮೆ ಕೇಳಿ ನಾಲ್ಕು ಸಾಲು ಬರೆದು ಹಾಕಿದೆ. ಅದನ್ನು ನೋಡಿದವರು ಕೆಲವರು. ಜನಕ್ಕೆ ಸತ್ತ ಸುದ್ದಿ ಬೇಕು, ಬದುಕಿದ ಸುದ್ದಿ ಯಾರಿಗೆ ಬೇಕು?

ಅಷ್ಟರಲ್ಲಿ ನನ್ನದೇ ಫೋಟೋ ನನಗೇ ಬಂತು. ಎದುರಿನ ಪಕ್ಷದವರು ಶಾಲು ಹೊದಿಸುತ್ತಿದ್ದಾರೆ, ನಾನು ಹಲ್ಲು ಕಾಣುವಂತೆ ನಗುತ್ತಿದ್ದೇನೆ. ಮೇಲೆ ಕೆಂಪು ಅಕ್ಷರ: ‘ಸಾಹೇಬರನ್ನು ಜೀವಂತ ಕೊಂದವಳು ಇವಳೇ. ಎಷ್ಟು ತಿಂದಿದ್ದಾಳೆ ಕೇಳಿ.’ ಕೆಳಗೆ ನಮ್ಮ ಓಣಿಯ ಗುರುತು. ಮಗ್ಗದ ಮನೆ, ಮೇಲಿನ ಕೋಣೆ ಎಂದು ಬಿಡಿಸಿ ಬರೆದಿದ್ದರು. ನಾನು ಟೈಪ್ ಮಾಡುತ್ತಿದ್ದ ಲಗ್ನಪತ್ರಿಕೆಗಳಲ್ಲಿ ಕಲ್ಯಾಣಮಂಟಪದ ದಾರಿಯನ್ನೂ ಯಾರೂ ಅಷ್ಟು ಚೆನ್ನಾಗಿ ತಿಳಿಸಿರಲಿಲ್ಲ.

ಗೆಳತಿಗೆ ಫೋನ್ ಮಾಡಿದೆ. ಎತ್ತಿದವಳೇ ಅಳತೊಡಗಿದಳು.

“ನನ್ನ ಹೆಸರ ಮಾತ್ರ ಹೇಳಬ್ಯಾಡವಾ. ನಿನ್ನ ಕಾಲ ಬೀಳ್ತೀನಿ. ಮನ್ಯಾಗ ಗಂಡಸ್ರ ಯಾರೂ ಇಲ್ಲ, ನಾ ಮತ್ತ ಮಗಳು ಇಬ್ರ ಅದೀವಿ.”

“ಹೇಳೂದಿಲ್ಲ. ಮೊದ್ಲ ಏನಾತು ಹೇಳು.”

“ಬ್ಯಾನರ್ ಮಾಡಂತ ನಮ್ಮ ಮಾಲಕ್ರು ಫೋಟೋ ಕಳಸಿದ್ರು. ಹೋಗ್ಯಾರಂತ ತಿಳಕೊಂಡೆ. ಬದುಕಿದ್ದವ್ರಿಗೆ ಯಾರರೆ ಶ್ರದ್ಧಾಂಜಲಿ ಮಾಡಸ್ತಾರೇನ ನೀನ ಹೇಳು?”

“ಯಾರ ಮಾಡ್ಸಿದ್ದು?”

ಅವಳು ಉಸಿರು ಹಿಡಿದು ಹೇಳಿದಳು. “ಸಾಹೇಬ್ರ ಮಗ. ಆಮ್ಯಾಲ ಮಾಲಕ್ರು ಬಾಯಿ ಬಿಟ್ಟಾರ. ಯಾರ ಮುಂದೂ ಅನಬ್ಯಾಡ ಅಂತ ಆಣಿ ಹಾಕಿಸ್ಯಾರ.”

ನಮ್ಮ ಕಡೆ ಇದೊಂದು ಪೈಪೋಟಿ. ದೊಡ್ಡವರು ಹೋದರೆ ಸರ್ಕಲ್ಲಿನಲ್ಲಿ ಯಾರ ಬ್ಯಾನರು ಮೊದಲು ನಿಂತಿತು, ಯಾರದು ದೊಡ್ಡದು, ಅದರ ಕೆಳಗೆ ಯಾರ ಮುಖವಿತ್ತು ಎಂಬುದರ ಮೇಲೆ ಮುಂದಿನ ಲೆಕ್ಕಾಚಾರ ನಡೆಯುತ್ತದೆ. ಅದಕ್ಕೆ ಕಾಯಿಲೆ ಬಿದ್ದಾಗಲೇ ಡಿಸೈನ್ ತಯಾರು ಮಾಡಿಸಿ, ತಾರೀಖಿನ ಜಾಗ ಖಾಲಿ ಬಿಟ್ಟುಕೊಂಡಿರುತ್ತಾರೆ. ಫ್ಲೆಕ್ಸ್ ಅಂಗಡಿಯವರಿಗೆಲ್ಲ ಗೊತ್ತಿರುವ ಸಂಗತಿ. ಮದುವೆ, ಹುಟ್ಟುಹಬ್ಬದ ಬ್ಯಾನರುಗಳನ್ನಷ್ಟೇ ಮಾಡುತ್ತಿದ್ದ ನನ್ನ ಗೆಳತಿಗೆ ಗೊತ್ತಿರಲಿಲ್ಲ.

ಫೋನಿಟ್ಟು ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ಕೆಳಗಿನ ಮಗ್ಗಗಳು ನಿಂತವು. ಆ ಓಣಿಯಲ್ಲಿ ಹಗಲು ಹೊತ್ತು ಅಂಥ ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ. ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು. ಓಡಿಹೋಗಲು ಇನ್ನೊಂದು ಬಾಗಿಲಿಲ್ಲ; ಬಾಡಿಗೆಗೆ ಹಿಡಿಯುವಾಗ ಗಾಳಿ ಬೆಳಕು ನೋಡಿದ್ದೆ, ಇದನ್ನು ನೋಡಿರಲಿಲ್ಲ. ಸುಮ್ಮನೆ ಟೇಬಲ್ಲಿನ ಹಿಂದೆ ಹೋಗಿ ನಿಂತೆ. ಮಗ್ಗ ನಿಂತಿದ್ದರೂ ಟೇಬಲ್ಲು ನಡುಗುತ್ತಿತ್ತು, ನನ್ನ ಕೈ ಅದರ ಮೇಲಿತ್ತು.

ಕೋಣೆ ತುಂಬಿತು. ಎಲ್ಲರ ಮುಂದೆ ಸಾಹೇಬರ ಮಗ, ಬಿಳಿ ಅಂಗಿ, ಕೈಯಲ್ಲಿ ಫೋನು. ಹಿಂದಿನವರ ಕೊರಳಲ್ಲಿ ಪಕ್ಷದ ಶಾಲುಗಳು. ಒಬ್ಬನ ಕೈಯಲ್ಲಿ ಇನ್ನೂ ಮಾಲೆಯ ಪೊಟ್ಟಣವಿತ್ತು. ಮಾಲೆ ಹಾಕಲು ಹೊರಟವನು ದಾರಿಯಲ್ಲಿ ಇತ್ತ ತಿರುಗಿಬಂದಿದ್ದ.

“ಯಾರ ಕಳಸಿದ್ದು? ಹೆಸರ ಹೇಳ್ರಿ,” ಎಂದರು ಮಗ.

“ತಪ್ಪಾಗೇತ್ರಿ. ತಗದೀವ್ರಿ,” ಎಂದೆ. 

“ತಗದ್ರ ಮುಗೀತೇನು?” ಹಿಂದಿನಿಂದ ಒಬ್ಬ ಕುರ್ಚಿ ಒದ್ದ. “ಸುದ್ದಿ ಕೇಳಿ ನಮ್ಮ ಅವ್ವಾ ಅಳಕೋತ ಬಿದ್ದಾಳ ಮನ್ಯಾಗ. ಹೆಸರ ಹೇಳ್ತೀಯೋ, ಈ ಕಂಪ್ಯೂಟರ್ ಕೆಳಗ ಒಗೀಲೋ?”

ಕಂಪ್ಯೂಟರ್ ಒಗೆಯಲಿ ಎಂದುಕೊಂಡೆ. ಆದರೆ ಅವರು ಅಲ್ಲಿಗೆ ನಿಲ್ಲುವವರಲ್ಲ. ಹೆಸರು ಹೇಳಿದರೆ ಇದೇ ಚಪ್ಪಲಿಗಳು ಎರಡು ಓಣಿ ದಾಟಿ ಗೆಳತಿಯ ಬಾಗಿಲಿಗೆ ಹೋಗುತ್ತವೆ. ಅಲ್ಲಿ ಅವಳಿದ್ದಾಳೆ, ಮಗಳಿದ್ದಾಳೆ. ಹೇಳದಿದ್ದರೆ ಇಲ್ಲಿ ನಾನಿದ್ದೇನೆ. ಧೈರ್ಯದಿಂದ ಬಾಯಿ ಮುಚ್ಚಿಕೊಂಡಿದ್ದೆ ಎಂದು ಭಾಷಣದಲ್ಲಿ ಹೇಳಬಹುದು. ನಿಜಕ್ಕೂ ನನ್ನ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು.

ಆಗ ಮಗನ ಮುಖ ನೋಡಿದೆ. ಹಿಂದಿನವರೆಲ್ಲ ಸಿಟ್ಟಿನಿಂದ ಕೆಂಪಗಾಗಿದ್ದರು; ಅವರು ಮಾತ್ರ ಬಿಳಿಚಿಕೊಂಡಿದ್ದರು.  ಹೆಸರು ಕೇಳಿಯೂ ಕೇಳದವರ ಹಾಗೆ ಕಣ್ಣು ಬೇರೆ ಕಡೆ ಇತ್ತು. ನನಗೆ ಹೊಳೆಯಿತು. ನಾನು ಹೆಸರು ಹೇಳಿಬಿಡುತ್ತೇನೇನೋ ಎಂದು ಅವರಿಗೂ ಅಂಜಿಕೆ. ಅವಳನ್ನು ಹಿಡಿದರೆ ಬ್ಯಾನರ್ ಮಾಡಿಸಿದವರು ಯಾರೆಂಬುದೂ ಹೊರಬೀಳುತ್ತದೆ. ತನ್ನ ಜನರ ಮುಂದೆ ಕೇಳದೆ ವಿಧಿಯಿಲ್ಲ, ಕೇಳಿದರೆ ಉತ್ತರ ಬರಬಾರದು. ಅದು ತಿಳಿದ ಮೇಲೆ ನನ್ನ ಅಂಜಿಕೆ ಕಡಿಮೆಯಾಗಬೇಕಿತ್ತು, ಇಮ್ಮಡಿಯಾಯಿತು. ಸಿಟ್ಟಾದವನ ಕಾಲು ಹಿಡಿಯಬಹುದು. ಅಂಜಿದವನು ಏನು ಮಾಡುತ್ತಾನೆಂದು ಹೇಳಲಾಗದು. ನನ್ನನ್ನು ನೋಡಿಯೇ ಗೊತ್ತು.

ಅದೇ ಹೊತ್ತಿಗೆ ಅವರ ಕೈಯಲ್ಲಿನ ಫೋನು ಗಂಟೆ ಬಾರಿಸಿತು. ವಿಡಿಯೋ ಕರೆ, ಸಾಹೇಬರದು. ಕೋಣೆಯಲ್ಲಿದ್ದವರೆಲ್ಲ ಹಿಗ್ಗಿ, “ಸಾಹೇಬ್ರು! ಸಾಹೇಬ್ರು!” ಎಂದು ಒತ್ತರಿಸಿ ಬಂದರು. ಮಗ ಎತ್ತಿದರು.

“ಆ ಆ್ಯಪಿನ ತಂಗಿ ಮುಂದ ಅದೀಯಂತಲ್ಲ. ಅಕಿ ಕಡೆ ಹಿಡಿ ಫೋನು,” ಎಂದಿತು ಒಳಗಿನ ದನಿ.

ಮಗ ಫೋನನ್ನು ನನ್ನ ಕಡೆ ತಿರುಗಿಸಿ ಹಿಡಿದರು. ಪರದೆಯ ಮೇಲೆ ತಂದೆಯ ಮುಖ, ಮೂಗಿಗೆ ನಳಿಗೆ, ಗಡ್ಡ ಬೆಳೆದಿತ್ತು. ಫೋನಿನ ಹಿಂದೆ, ಅದರ ಮೇಲ್ಗಡೆ, ಮಗನ ಮುಖ. ಸಾಹೇಬರಿಗೆ ನಾನೊಬ್ಬಳೇ ಕಾಣುತ್ತಿದ್ದೆ; ನನಗೆ ಇಬ್ಬರೂ ಕಾಣುತ್ತಿದ್ದರು.

“ಸತ್ತಿಲ್ಲಂತ ತೋರಸಾಕ ಮಾಡೀನವಾ,” ಎಂದು ನಗಲು ನೋಡಿದರು, ಕೆಮ್ಮು ಬಂತು. “ಯಾರ ಮಾಡ್ಸಿದ್ದು ಈ ಬ್ಯಾನರು? ನಿನಗ ಗೊತ್ತಿರಬೇಕು.”

ಮಗನ ಕಣ್ಣು ನನ್ನ ಬಾಯಿಯ ಮೇಲೆ ನೆಟ್ಟಿತ್ತು.

“ಗೊತ್ತಿಲ್ರೀ ಸಾಹೇಬ್ರ,” ಎಂದೆ.

 ಸಾಹೇಬರು ಮೆಲ್ಲಗೆ ಹೇಳಿದರು. “ಆ ಫೋಟೋ ನಮ್ಮ ಮನ್ಯಾಗ ನನ್ನ ಟ್ರಂಕಿನ್ಯಾಗ ಇತ್ತು ತಂಗಿ. ಬಾಜೂಕ ನಮ್ಮ ಮನಿಯಾಕಿ ನಿಂತಿದ್ಲು. ಅಕಿನ್ನ ಕತ್ತರಿಸಿ ತಗದಾರ. ನನ್ನ ಹೆಗಲ ಹತ್ರ ಅಕಿ ಸೆರಗಿನ ಅಂಚು ಹಂಗ ಉಳದೈತಿ, ನೋಡು ಬೇಕಾದ್ರ. ಅಕಿ ಹೋದ ಮ್ಯಾಲ ಆ ಫೋಟೋ ನಾ ಯಾರಿಗೂ ಕೊಟ್ಟಿಲ್ಲ. ಆ ಟ್ರಂಕಿನ ಕೀಲಿ ಯಾರ ಕಡೆ ಐತಂತ ನನಗ ಗೊತ್ತೈತಿ.”

ಹಿಂದೆ ನಿಂತವರಿಗೆ ಎಷ್ಟು ಕೇಳಿಸಿತೋ, ಎಷ್ಟು ಅರ್ಥವಾಯಿತೋ. ಮಾಲೆಯ ಪೊಟ್ಟಣದವನು ಅದನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

“ಇಷ್ಟ ದಿನಾ ಎದುರಿನ ಪಾರ್ಟಿಯವ್ರಿಗಷ್ಟ ಅಂಜತಿದ್ದೆ,” ಎಂದರು ಸಾಹೇಬರು. “ಈಗ ಗುಳಿಗಿ ಕೊಡಾಕ ಬಂದವ್ರ ಮಾರಿ ನೋಡಾಕೂ ಅಂಜಿಕಿ ಬರಾಕತ್ತೈತಿ. ನೀ ಯಾರ ಹೆಸರೂ ಹೇಳಬ್ಯಾಡ. ಲೇ ತಮ್ಮಾ, ಕೇಳಿಸ್ತೇನು? ಮಂದೀನ ಕರಕೊಂಡು ಇಳಿ ಕೆಳಗ. ನೀ ಇಲ್ಲಿಗೆ ಬಾ. ನೀನ ಬಾ.”

“ಬಂದೆ ಅಪ್ಪಾ,” ಎಂದರು ಮಗ. 

ಎಲ್ಲರೂ ಇಳಿದ ಮೇಲೆ ಅವರು ಬಾಗಿಲಲ್ಲಿ ನಿಂತು ತಿರುಗಿದರು. “ಡಾಕ್ಟ್ರು ನಿನ್ನೆ ಬಳಗದವ್ರನ್ನ ಕರೀರಿ ಅಂದಿದ್ರೀ ಅಕ್ಕಾರ. ಬ್ಯಾರೆದವ್ರು ಆಗಲೇ ತಮ್ತಮ್ಮ ಬ್ಯಾನರ್ ಮಾಡಿಸಿ ಇಟ್ಟಿದ್ರು. ನಾಳೆ ಊರತುಂಬ ಮಗಂದ ಒಂದೂ ಇಲ್ಲಂದ್ರ...” ಮುಂದಿನದನ್ನು ಹೇಳದೆ ಇಳಿದು ಹೋದರು. ಸ್ವಲ್ಪ ಹೊತ್ತಿಗೆ ಕೆಳಗೆ ಒಂದು ಮಗ್ಗ ಶುರುವಾಯಿತು, ಆಮೇಲೆ ಇನ್ನೊಂದು. ನಾನು ನೆಲದ ಮೇಲೆ ಕುಳಿತು, ಬಿದ್ದ ಕಸಬರಿಗೆ ಹಿಡಿದುಕೊಂಡು ಅತ್ತೆ.

ಗೆಳತಿ ಮಗಳನ್ನು ಕರೆದುಕೊಂಡು ಮುಳಗುಂದದಲ್ಲಿದ್ದ ಅಕ್ಕನ ಮನೆಗೆ ಹೋಗಿ ಕೆಲವು ದಿನ ಇದ್ದಳು. ಆಮೇಲೆ ಬಂದು ಅದೇ ಅಂಗಡಿಯಲ್ಲಿ ಕೆಲಸ ಮುಂದುವರಿಸಿದಳು, ಆದರೆ ಸುದ್ದಿ ಕಳಿಸುವುದನ್ನು ಬಿಟ್ಟಳು. ಬಿಳಿ ಅಂಗಿಯವರು ಅಂಗಡಿಗೆ ಬಂದರೆ ಈಗಲೂ ಒಳಗಿನ ಕೋಣೆಗೆ ಹೋಗುತ್ತೇನೆ ಎನ್ನುತ್ತಿದ್ದಳು. ನಿನ್ನ ಹೆಸರು ನನ್ನ ಬಾಯಿಂದ ಹೊರಬಿದ್ದಿಲ್ಲ, ಯಾರಿಗೂ ಗೊತ್ತಿಲ್ಲ ಎಂದು ನಾನು ಮತ್ತೆ ಮತ್ತೆ ಸಮಾಧಾನ ಹೇಳುತ್ತಿದ್ದೆ. ಆ ಒಂದು ಸಂಗತಿ ಮಾತ್ರ ನನ್ನ ಪಾಲಿನ ಹೆಮ್ಮೆಯಾಗಿತ್ತು.

ಮಣ್ಣಿನ ಸುದ್ದಿಗೂ ಈಗ ತಡೆ ಇದೆ. ಇಬ್ಬರ ‘ಹೌದು’ ಕಾಯುವುದಿಲ್ಲ. ಕುರ್ತಕೋಟಿಯ ಆ ಹೆಣ್ಣುಮಗಳನ್ನು ನಾನು ಮರೆತಿಲ್ಲ. ಅದರ ಬದಲು ಸತ್ತ ಮನೆಗೆ ನಾವೇ ಫೋನ್ ಮಾಡಿ ಕೇಳುತ್ತೇವೆ. ನಾವು ಎಂದರೆ ನಾನು. ತಮ್ಮ ಕೈಮುಗಿದು ಒಲ್ಲೆ ಎಂದ. ಊರು ಯಾವುದೇ ಇರಲಿ, ಗಂಟೆ ಬಾರಿಸುವಾಗ ಯಾರೂ ಎತ್ತದಿರಲಿ ಎಂದುಕೊಳ್ಳುತ್ತೇನೆ. ಆ ಕಡೆ ಅಳುವ ಸದ್ದು ಕೇಳಿದರೂ ಕೇಳಲೇಬೇಕು, ‘ಖರೇ ಏನ್ರಿ?’ ಬೈಗುಳ ತಿಂದದ್ದಕ್ಕೆ ಲೆಕ್ಕವಿಲ್ಲ. ಯಳವತ್ತಿಯ ಹಿರಿಯರೊಬ್ಬರು, “ಹೆಣಾ ಎಬ್ಬಿಸಿ ನಿಮ್ಮ ಕೂಡ ಮಾತಾಡಸ್ಲೇನು?” ಎಂದು ಫೋನಿಟ್ಟರು. ಕಾಲೇಜಿನ ಮಕ್ಕಳಿಗೆ ಉದ್ಯಮವೆಂದರೆ ಏನೆಂದು ಹೇಳಬೇಕಾದಾಗ ನನಗೆ ಆ ದನಿ ನೆನಪಾಗುತ್ತದೆ. ಹೇಳುವುದು ಮಾತ್ರ ಬೇರೆ ಏನನ್ನೋ.

ಸಾಹೇಬರು ಗುಣವಾಗಿ ಬಂದರು, ಆ ಚುನಾವಣೆ ಗೆದ್ದರು. ಪ್ರಚಾರದ ಜೀಪಿನಲ್ಲಿ ಅವರ ಪಕ್ಕದಲ್ಲಿ ಮಗ ನಿಂತಿರುತ್ತಿದ್ದರು. ಇಬ್ಬರೂ ಜನರಿಗೆ ಕೈಮುಗಿಯುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡಿದ್ದನ್ನು ನಾನು ಕಾಣಲಿಲ್ಲ.

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಶಿರಹಟ್ಟಿಯ ನಮ್ಮವರಿಂದ ಸುದ್ದಿ ಬಂತು: ಸಾಹೇಬರು ಹೋದರು. ಚಿತ್ರ ಏನೂ ಇರಲಿಲ್ಲ. ಪರದೆಯ ಮೇಲೆ ಆ ಸಾಲು ನನ್ನ ಒಂದು ಫೋನಿಗಾಗಿ ಕಾಯುತ್ತ ಕುಳಿತಿತ್ತು. ಎದ್ದು ನೀರು ಕುಡಿದೆ. ಬಾಗಿಲ ಚಿಲಕ ಹಾಕಿ ಬಂದೆ. ಆಮೇಲೆ ನಂಬರು ಒತ್ತಿದೆ. ಮೊದಲ ಗಂಟೆಗೇ ಮಗ ಎತ್ತಿದರು.

ಯಾರೆಂದು ಹೇಳಿದೆ.  ಕಣ್ಣು ಮುಚ್ಚಿಕೊಂಡು ಕೇಳಿದೆ, “ಖರೇ ಏನ್ರಿ?”

“ಖರೆ ಐತ್ರಿ ಅಕ್ಕಾರ. ನಸಿಕಿನ್ಯಾಗ ಹೋದ್ರು. ನಾ ಬಾಜೂಕ ಇದ್ದೆ.” ದನಿ ಬತ್ತಿಹೋಗಿತ್ತು. “ಹಾಕ್ರಿ ಸುದ್ದಿ. ಮಣ್ಣು ಸಂಜೀಕ.”

ಆಗಲಿ ಎಂದು ಫೋನು ಇಡಲು ಹೋದೆ.

“ಬ್ಯಾನರ್ ಇನ್ನೂ ಮಾಡಿಸಿಲ್ರಿ,” ಎಂದರು. “ಅವತ್ತ ಮಾಡಿದ್ರಲ್ಲ, ನಿಮ್ಮ ಗೆಳತ್ಯಾರು, ಅವ್ರಿಗೇ ಹೇಳ್ರಿ.”

 ಇವರಿಗೆ ಅವಳು ಗೊತ್ತಿದ್ದಳು. ನಾನು ಬಾಯಿ ಬಿಗಿದು ಟೇಬಲ್ಲಿನ ಹಿಂದೆ ನಿಂತಾಗಲೂ ಗೊತ್ತಿದ್ದಳು. ಇಷ್ಟು ದಿನವೂ ಅವಳು, ಅವಳ ಮಗಳು, ಆ ಮನೆ ಇವರ ಕೈಯಳತೆಯಲ್ಲೇ ಇದ್ದವು. ಯಾವ ಗೆಳತಿ ಎಂದು ಕೇಳಿ ತಪ್ಪಿಸಿಕೊಳ್ಳುವ ಕಾಲ ಮುಗಿದಿತ್ತು.

“ಫೋಟೋ ಅದನ್ನ ಕಳಸ್ತೀನ್ರಿ,” ಎಂದರು ಅವರು. “ಈ ಸಲ ಅವ್ವನ್ನ ಕತ್ತರಿಸಬ್ಯಾಡಂತ ಹೇಳ್ರಿ.”